ಪಂಚನಹಳ್ಳಿಗೆ ಗಣರಾಜ್ಯ ಬಂದದ್ದು ಯಾವಾಗ?

1950ರ ಜನವರಿ 26, ಗುರುವಾರ. ಕಡೂರು ತಾಲ್ಲೂಕಿನ ಪಂಚನಹಳ್ಳಿ ಹೋಬಳಿಯ ರೈತನಿಗೆ ಅದು ಕಣದ ಕಾಲ. ರಾಗಿಯ ಒಕ್ಕಣೆ ಮುಗಿಯುತ್ತ ಬಂದಿರುತ್ತದೆ, ಕಂದಾಯದ ಕಂತಿನ ಯೋಚನೆ ತಲೆಗೆ ಹತ್ತಿರುತ್ತದೆ. ಅಂದು ದೆಹಲಿಯಲ್ಲಿ ರಾಜೇಂದ್ರ ಪ್ರಸಾದರು ಮೊದಲ ರಾಷ್ಟ್ರಪತಿಯಾಗಿ ಪ್ರಮಾಣವಚನ ಸ್ವೀಕರಿಸಿದರು, ಭಾರತ ಗಣರಾಜ್ಯವಾಯಿತು. ಕಡೂರಿನ ಬಯಲಿನಲ್ಲಿ ಕಣ ಗುಡಿಸುತ್ತಿದ್ದ ಆ ಮನುಷ್ಯನ ಪಾಲಿಗೆ ಅಂದು ಏನು ಬದಲಾಯಿತು?

ಕಣ್ಣಿಗೆ ಕಾಣುವಂತೆ ಏನೂ ಬದಲಾಗಲಿಲ್ಲ. ಊರಿನ ಪಟೇಲರು ನಿನ್ನೆಯವರೇ. ಖಿರ್ದಿ ಬರೆಯುವ ಶ್ಯಾನುಭೋಗರು ನಿನ್ನೆಯವರೇ. ಹೋಬಳಿಗೆ ಶೇಕ್ದಾರರು, ತಾಲ್ಲೂಕಿಗೆ ಅಮಲ್ದಾರರು ಇದ್ದರು. ಮೈಸೂರಿನ ಅರಮನೆಯಲ್ಲಿ ಜಯಚಾಮರಾಜ ಒಡೆಯರೇ ಇದ್ದರು, ಅಂದಿನಿಂದ ಅವರು ರಾಜಪ್ರಮುಖರು. ಅದಕ್ಕೆ ಮೂರು ವರ್ಷ ಮೊದಲು ಜಿಲ್ಲೆಯ ಹೆಸರು ಬದಲಾಗಿತ್ತು. 1947ರವರೆಗೆ ಕಡೂರು ಜಿಲ್ಲೆ ಎನಿಸಿಕೊಂಡಿದ್ದದ್ದು ಚಿಕ್ಕಮಗಳೂರು ಜಿಲ್ಲೆಯಾಯಿತು. ಬಯಲಿನವರ ಹೆಸರು ಹೋಗಿ ಮಲೆನಾಡಿನ ಅಂಚಿನ ಊರಿನ ಹೆಸರು ನಿಂತಿತು. ಹೆಸರು ಹೋದದ್ದು ಇಲ್ಲಿಯವರಿಗೆ ತಿಳಿದಿರಬಹುದು. ಅದಕ್ಕಿಂತ ದೊಡ್ಡದೊಂದು ಹೋಗಲು ಶುರುವಾಗಿದೆ ಎಂಬುದು ತಿಳಿದಿತ್ತೇ?

ಈ ಪ್ರಶ್ನೆ ನನ್ನನ್ನು ಬಹುಕಾಲದಿಂದ ಹಿಡಿದಿದೆ. ಗಣರಾಜ್ಯಕ್ಕೆ ದೆಹಲಿಯಲ್ಲಿ ಒಂದು ತಾರೀಕಿದೆ. ಹೋಬಳಿಯಲ್ಲಿ ಅದರ ತಾರೀಕು ಯಾವುದು?

ಮೊದಲು ಒಂದು ಸಂಗತಿಯನ್ನು ನೇರವಾಗಿ ಒಪ್ಪಿಕೊಳ್ಳಬೇಕು. ಮೈಸೂರು ಸಂಸ್ಥಾನದ ಜನ ಗಣರಾಜ್ಯವನ್ನು ಕೇಳಿರಲಿಲ್ಲ. ಅವರು ಕೇಳಿದ್ದು ಜವಾಬ್ದಾರಿ ಸರ್ಕಾರ, ಅದೂ ಮಹಾರಾಜರ ಆಶ್ರಯದಲ್ಲಿ. ನಮ್ಮಲ್ಲಿ ರಾಜಕೀಯ ಬೆಳೆದ ದಾರಿಯೇ ಹಾಗಿತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದಾಗ ತಾಲ್ಲೂಕು ತಾಲ್ಲೂಕಿನಿಂದ ಭೂಮಿಯುಳ್ಳವರು, ವ್ಯಾಪಾರಸ್ಥರು ದಸರೆಯ ಹೊತ್ತಿಗೆ ಮೈಸೂರಿಗೆ ಹೋದರು. ದಿವಾನರು ಓದಿದ್ದನ್ನು ಕೇಳಿಕೊಂಡರು, ತಮ್ಮ ಸೀಮೆಯ ಕಷ್ಟ ಹೇಳಿಕೊಂಡರು, ಹಿಂದಿರುಗಿದರು. ಹೇಳಿಕೊಳ್ಳುವ ಹಕ್ಕು ಇತ್ತು, ತೀರ್ಮಾನಿಸುವ ಹಕ್ಕು ಇರಲಿಲ್ಲ. ಆದರೂ ಅದನ್ನು ಸಣ್ಣದೆನ್ನಲಾರೆ. ದೊರೆಯ ಮುಂದೆ ನಿಂತು ಮಳೆ, ಕೆರೆ, ಕಂದಾಯ, ರಸ್ತೆಗಳ ಮಾತಾಡಿದರೆ ಅದು ಅಹವಾಲು ಮಾತ್ರವಾಗದೆ ದಾಖಲೆಯೂ ಆಗುತ್ತದೆ ಎಂಬುದನ್ನು ಒಂದು ನಾಡು ಅಲ್ಲಿ ಕಲಿಯಿತು. 1907ರಲ್ಲಿ ಶಾಸನಸಭೆ ಬಂತು, 1923ರಲ್ಲಿ ಹೆಂಗಸರಿಗೂ ಮತದ ಹಕ್ಕು ಸಿಕ್ಕಿತು. ಆದರೆ ಮತ ಎಂದರೆ ಆಸ್ತಿಯ ಅಥವಾ ಓದಿನ ಬಲವಿದ್ದವರ ಮತ. ಕೂಲಿಯವನು ಆ ಲೆಕ್ಕದಲ್ಲಿರಲಿಲ್ಲ.

1938ರಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ವರ್ಷದ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರಾಗಿ ಜನ ಸತ್ತರು. ಆಮೇಲೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಂದಿಗೆ ಒಪ್ಪಂದ ಮಾಡಿಕೊಂಡರು. ಆ ಒಪ್ಪಂದದ ತಿರುಳನ್ನು ನೋಡಿ: ಕಾಂಗ್ರೆಸ್ ಬಾವುಟವೂ ಹಾರಲಿ, ಸಂಸ್ಥಾನದ ಗಂಡಭೇರುಂಡದ ಬಾವುಟವೂ ಹಾರಲಿ. ರಕ್ತ ಚೆಲ್ಲಿದ ಮೇಲೂ ಕೇಳಿದ್ದು ಎರಡು ಬಾವುಟ. 1947ರ ಆಗಸ್ಟ್ 9ರಂದು ಮಹಾರಾಜರು ವಿಲೀನಪತ್ರಕ್ಕೆ ಸಹಿ ಹಾಕಿದರು. ಆದರೂ ಅಧಿಕಾರ ಜನರ ಕೈಗೆ ಬರಲಿಲ್ಲವೆಂದು ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಎದ್ದಿತು. ‘ಆರ್ಕಾಟ್ ಬಾಯ್ಕಾಟ್’ ಎಂದು ಕೂಗಿದವರ ಕೋಪ ದಿವಾನ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರರ ಮೇಲಿತ್ತು, ಸಿಂಹಾಸನದ ಮೇಲಿರಲಿಲ್ಲ. ಅಕ್ಟೋಬರಿನಲ್ಲಿ ಒಪ್ಪಂದವಾಗಿ ಕೆ.ಸಿ. ರೆಡ್ಡಿಯವರ ಸಚಿವ ಸಂಪುಟ ಬಂತು.

ಕೇಳದೆ ಬಂದದ್ದನ್ನು ನಾವು ಹೇಗೆ ನಮ್ಮದಾಗಿಸಿಕೊಳ್ಳುತ್ತೇವೆ? ಹೋರಾಡಿ ಪಡೆದದ್ದರ ಅರ್ಥವನ್ನು ಹೋರಾಟವೇ ಕಲಿಸಿರುತ್ತದೆ. ಕೈಗೆ ಬಂದು ಬಿದ್ದದ್ದರ ಅರ್ಥವನ್ನು ಆಮೇಲೆ ಕೂತು ಹುಡುಕಬೇಕು. ನಾವು ಹಳೆಯ ಮೈಸೂರಿನವರು ಆ ಹುಡುಕಾಟವನ್ನು ಇನ್ನೂ ಪೂರ್ತಿ ಮಾಡಿಲ್ಲ ಎನ್ನುವುದು ನನ್ನ ನಂಬಿಕೆ.

ಮೈಸೂರಿಗೆ ತನ್ನದೇ ಸಂವಿಧಾನ ಬರೆಯಲು ಒಂದು ಸಂವಿಧಾನ ಸಭೆಯೂ ಏರ್ಪಟ್ಟಿತ್ತು. ಆ ಸಭೆ ಬರೆಯಲಿಲ್ಲ. ದೆಹಲಿಯ ಸಭೆ ಬರೆಯುತ್ತಿರುವುದೇ ಮೈಸೂರಿಗೂ ಸಂವಿಧಾನವಾಗಲಿ ಎಂದು ನಿರ್ಣಯಿಸಿತು. ದೆಹಲಿಯ ಸಭೆಯಲ್ಲಿ ಮೈಸೂರಿನ ಪ್ರತಿನಿಧಿಗಳಿದ್ದರು. ಕೆ.ಸಿ. ರೆಡ್ಡಿ, ಟಿ. ಸಿದ್ದಲಿಂಗಯ್ಯ, ಕೆ. ಹನುಮಂತಯ್ಯ, ಎಚ್. ಸಿದ್ದವೀರಪ್ಪ, ಟಿ. ಚನ್ನಯ್ಯ ಮೊದಲಾದವರು ಅಲ್ಲಿ ಕೂತಿದ್ದರು. ಹಾಗಾಗಿ ಇದು ಹೊರಗಿನವರ ಬರಹಕ್ಕೆ ಕಣ್ಣುಮುಚ್ಚಿ ಹಾಕಿದ ಸಹಿಯಲ್ಲ. ಆದರೂ, ಬರೆಯುವ ಅಧಿಕಾರವಿದ್ದ ಸಭೆಯೊಂದು ಬರೆಯದಿರಲು ತೀರ್ಮಾನಿಸಿದ್ದು ದೊಡ್ಡ ಸಂಗತಿ. ತನ್ನ ಪ್ರಜೆ ಬೇರೆ ಸೀಮೆಯ ಪ್ರಜೆಗಿಂತ ಬೇರೆಯಲ್ಲ ಎಂದು ಆ ಸಭೆ ಒಪ್ಪಿತು. ಪಂಚನಹಳ್ಳಿಯವನಿಗೂ ಪಾಟ್ನಾದವನಿಗೂ ಒಂದೇ ಹಕ್ಕು, ಒಂದೇ ಪುಸ್ತಕ. 1949ರ ಡಿಸೆಂಬರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕೊನೆಗೊಂಡಿತು. ಅಹವಾಲು ಹೇಳಿಕೊಳ್ಳುವ ಕಾಲ ಅಲ್ಲಿಗೆ ಮುಗಿಯಿತು.

1949ರ ನವೆಂಬರ್ 25ರ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಅಂದು ಮೈಸೂರಿನ ಮಹಾರಾಜರು, ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೆಂದು ಘೋಷಣೆ ಹೊರಡಿಸಿದರು. ಅದೇ ದಿನ ದೆಹಲಿಯ ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ತಮ್ಮ ಕೊನೆಯ ದೊಡ್ಡ ಭಾಷಣ ಮಾಡಿದರು. ರಾಜಕೀಯದಲ್ಲಿ ಒಬ್ಬನಿಗೆ ಒಂದು ಮತ, ಒಂದು ಮತಕ್ಕೆ ಒಂದೇ ಬೆಲೆ ಎಂದು ಒಪ್ಪುತ್ತೇವೆ. ಸಮಾಜದಲ್ಲಿ, ಸಂಪತ್ತಿನಲ್ಲಿ ಆ ಸಮಾನತೆಯನ್ನು ನಿರಾಕರಿಸುತ್ತಲೇ ಇರುತ್ತೇವೆ. ಈ ವೈರುಧ್ಯವನ್ನು ಬೇಗ ನೀಗದಿದ್ದರೆ ಕಟ್ಟಿದ್ದೆಲ್ಲ ಒಡೆದೀತು ಎಂದು ಅವರು ಎಚ್ಚರಿಸಿದರು. ರಾಜಕೀಯದಲ್ಲಿ ವ್ಯಕ್ತಿಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದೂ ಹೇಳಿದರು. ಒಂದು ಕಡೆ ಹುಟ್ಟಿನಿಂದ ಬಂದ ದೊರೆತನವನ್ನು ಕಾಗದದ ಮೇಲೆ ಬಿಟ್ಟುಕೊಡುತ್ತಿರುವ ರಾಜ. ಇನ್ನೊಂದು ಕಡೆ, ಹುಟ್ಟಿನ ಕಾರಣಕ್ಕೇ ನೀರು ಮುಟ್ಟಗೊಡದ ಸಮಾಜದಿಂದ ಬಂದು ದೇಶದ ಕಾನೂನು ಬರೆದು ಮುಗಿಸಿದ ಮನುಷ್ಯ. ಒಂದೇ ದಿನ ಇಬ್ಬರೂ ಹುಟ್ಟಿನ ವಿಷಯವನ್ನೇ ಮಾತಾಡುತ್ತಿದ್ದರು.

ಜಯಚಾಮರಾಜ ಒಡೆಯರ ಮುಂದಿನ ವರ್ಷಗಳನ್ನು ನೋಡಿದರೆ ಗಣರಾಜ್ಯದ ಒಳಗುಟ್ಟು ತಿಳಿಯುತ್ತದೆ. 1949ರಲ್ಲಿ ಅವರು ಮಹಾರಾಜರು, ವಂಶದಿಂದ. 1950ರಿಂದ ರಾಜಪ್ರಮುಖರು, ರಾಷ್ಟ್ರಪತಿಗಳು ಹಾಗೆಂದು ಮನ್ನಿಸಿದ್ದರಿಂದ. ಆದರೆ ಆ ಮನ್ನಣೆಗೆ ಕಾರಣ ಮತ್ತೆ ವಂಶವೇ. 1956ರ ನವೆಂಬರ್ 1ರಿಂದ 1964ರವರೆಗೆ ರಾಜ್ಯಪಾಲರು, ರಾಷ್ಟ್ರಪತಿಗಳ ನೇಮಕದಿಂದ ಮಾತ್ರ. ಮನುಷ್ಯ ಒಬ್ಬರೇ, ಅರಮನೆ ಒಂದೇ, ದಸರೆಗೆ ಸೇರುವ ಜನರ ಪ್ರೀತಿಯೂ ಹಾಗೆಯೇ. ಆದರೆ ಅಧಿಕಾರ ಬರುತ್ತಿದ್ದ ದಾರಿ ಬೇರೆಯಾಯಿತು. ಅವರ ಮಗನಿಗೆ ಮೈಸೂರು ರಾಜ್ಯ ಸಿಗಲಿಲ್ಲ, ರಾಜ್ಯಪಾಲನ ಹುದ್ದೆಯೂ ಸಿಗಲಿಲ್ಲ. ವರ್ಷಕ್ಕೆ 26 ಲಕ್ಷ ರೂಪಾಯಿಯ ರಾಜಧನ ಮಾತ್ರ ಉಳಿದಿತ್ತು, 1971ರಲ್ಲಿ ಅದೂ ರದ್ದಾಯಿತು. ಒಳ್ಳೆಯ ದೊರೆ, ಕೆಟ್ಟ ದೊರೆ ಎಂಬ ಪ್ರಶ್ನೆಯೇ ಇಲ್ಲಿರಲಿಲ್ಲ. ನಾಲ್ವಡಿಯವರ ಕಾಲವನ್ನು ನೆನೆದು ಕಣ್ಣು ತೇವ ಮಾಡಿಕೊಳ್ಳುವ ಹಿರಿಯರನ್ನು ಕಂಡಿದ್ದೇನೆ. ಅವರ ಪ್ರೀತಿಯನ್ನು ಗೌರವಿಸುತ್ತೇನೆ. ಒಳ್ಳೆಯವನಾದರೂ ಹುಟ್ಟಿನಿಂದ ಬಂದವನು ಬೇಡ, ಎಂಬ ಕಠಿಣವಾದ ಮಾತನ್ನು ಗಣರಾಜ್ಯ ಹೇಳಿತು.

ಈ ಮಾತನ್ನು ಮೈಸೂರಿನ ಅರಮನೆಯಲ್ಲಿ ಹೇಳುವುದು ಸುಲಭವಾಗಿತ್ತು. ಹೋಬಳಿಯಲ್ಲಿ ಹೇಳುವುದೇ ಕಷ್ಟ.

ಏಕೆಂದರೆ ಪಂಚನಹಳ್ಳಿಯಂಥ ಊರಿನಲ್ಲಿ ಅರಸೊತ್ತಿಗೆ ಎಂದರೆ ದೂರದ ಮೈಸೂರಲ್ಲ. 1908ರ ಮೈಸೂರು ಗ್ರಾಮ ಹುದ್ದೆಗಳ ಕಾಯ್ದೆಯ ಪ್ರಕಾರ ಊರಿನ ಆಡಳಿತ ವಂಶಗಳ ಕೈಯಲ್ಲಿತ್ತು. ಪಟೇಲರು ಕಂದಾಯ ವಸೂಲು ಮಾಡುವವರು, ಊರಿನ ಶಾಂತಿಗೆ ಹೊಣೆ, ಹುಟ್ಟು ಸಾವುಗಳ ವರದಿಯೂ ಅವರ ಕೆಲಸ. ಶ್ಯಾನುಭೋಗರ ಬಳಿ ಭೂಮಿಯ ಲೆಕ್ಕ. ಯಾವ ಸರ್ವೆ ನಂಬರು ಯಾರದು ಎಂಬುದು ಅವರ ಲೇಖನಿಯಲ್ಲಿ. ತಳವಾರರಿಗೆ ಕಾವಲು. ತೋಟಿಗಳು ತಮಟೆ ಹೊಡೆದು ಸಾರುವವರು, ಎಲ್ಲೆಗಲ್ಲುಗಳನ್ನು ಬಲ್ಲವರು, ಅಧಿಕಾರಿ ಬಂದರೆ ಓಡಿ ಹೋಗಿ ಜನರನ್ನು ಕರೆತರುವವರು. ನೀರಗಂಟಿಗಳು ಕೆರೆಯ ತೂಬು ಎತ್ತಿ ಇಳಿಸುವವರು. ಅಪ್ಪನ ನಂತರ ಮಗ. ಬಹಳಷ್ಟು ಹುದ್ದೆಗಳಿಗೆ ಇನಾಮಿನ ಜಮೀನು.

ಇದರಲ್ಲಿ ಪಟೇಲಿಕೆ ಮಾತ್ರ ಹುಟ್ಟಿನಿಂದ ಬಂದದ್ದು ಎಂದು ನಾವು ಸಾಮಾನ್ಯವಾಗಿ ನೆನೆಯುತ್ತೇವೆ. ತೋಟಿಕೆಯೂ ಹುಟ್ಟಿನಿಂದಲೇ ಬಂದದ್ದು. ಮೇಲಿನವನಿಗೆ ಹುಟ್ಟು ಅಧಿಕಾರ ಕೊಟ್ಟಿತು, ಕೆಳಗಿನವನಿಗೆ ಹುಟ್ಟು ಚಾಕರಿ ಕೊಟ್ಟಿತು. ಬಹುಪಾಲು ಊರುಗಳಲ್ಲಿ ತೋಟಿಗಳು ದಲಿತ ಮನೆತನದವರು. ಹೊತ್ತಲ್ಲದ ಹೊತ್ತಿನಲ್ಲಿ ‘ಬಾ’ ಎಂದರೆ ಬರಬೇಕು. ಬರುವುದಿಲ್ಲ ಎನ್ನುವ ಹಕ್ಕು ಅವನ ಅಪ್ಪನಿಗೂ ಇರಲಿಲ್ಲ, ಅವನಿಗೂ ಇರಲಿಲ್ಲ. ಅರಸೊತ್ತಿಗೆ ಎಂದರೆ ಸಿಂಹಾಸನ ಎಂದುಕೊಂಡವರಿಗೆ ಈ ತೋಟಿಯ ಮಗ ಕಾಣುವುದಿಲ್ಲ. ಸಿಂಹಾಸನದ ಮೇಲೆ ಹುಟ್ಟಿದವನಂತೆ ಇವನೂ ಒಂದು ಹುದ್ದೆಯಲ್ಲೇ ಹುಟ್ಟಿದ್ದ.

ಹತ್ತೊಂಬತ್ತನೆಯ ಶತಮಾನದಲ್ಲಿ ಚಾರ್ಲ್ಸ್ ಮೆಟ್ಕಾಫ್ ಎಂಬ ಬ್ರಿಟಿಷ್ ಅಧಿಕಾರಿ ಭಾರತದ ಹಳ್ಳಿಗಳನ್ನು ಪುಟ್ಟ ಗಣರಾಜ್ಯಗಳೆಂದು ಹೊಗಳಿದ. ಸಾಮ್ರಾಜ್ಯಗಳು ಬರುತ್ತವೆ ಹೋಗುತ್ತವೆ, ಹಳ್ಳಿ ಹಾಗೆಯೇ ನಿಲ್ಲುತ್ತದೆ ಎಂಬುದು ಅವನ ಮೆಚ್ಚುಗೆ. ಆ ಮಾತು ನಮ್ಮ ರಾಷ್ಟ್ರೀಯ ಚಳವಳಿಗೂ ಪ್ರಿಯವಾಯಿತು. 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಮಂಡಿಸುವಾಗ ಅಂಬೇಡ್ಕರರು ಆ ಮೆಚ್ಚುಗೆಯನ್ನು ಸಭೆಯ ಮುಂದೆಯೇ ಒಡೆದರು. ಹಳ್ಳಿ ಉಳಿದುಕೊಂಡಿತೆಂಬುದೇ ಹೆಗ್ಗಳಿಕೆಯಲ್ಲ, ಯಾವ ಮಟ್ಟದಲ್ಲಿ ಉಳಿಯಿತು ಎಂದು ಕೇಳಿದರು. ಹಳ್ಳಿ ಸಂಕುಚಿತತೆಯ, ಅಜ್ಞಾನದ, ಕೋಮುವಾದದ ಗೂಡು ಎಂದರು. ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದಕ್ಕೆ ಸಂತೋಷಪಟ್ಟರು. ಸಭೆಯಲ್ಲಿ ಹಲವರು ನೊಂದುಕೊಂಡರು, ಕೆಲವರು ಕೋಪಗೊಂಡರು. ಕೆಲವು ದಿನಗಳಲ್ಲಿ ಕೆ. ಸಂತಾನಂ ಅವರ ತಿದ್ದುಪಡಿ ಬಂದು, ಗ್ರಾಮ ಪಂಚಾಯಿತಿಗಳನ್ನು ಸರ್ಕಾರ ಕಟ್ಟಬೇಕೆಂಬ ಮಾತು ನಿರ್ದೇಶಕ ತತ್ತ್ವಗಳಲ್ಲಿ ಸೇರಿತು. ಇಂದಿನ 40ನೆಯ ವಿಧಿ ಅದು.

ನಾನು ಹುಟ್ಟಿನಿಂದ ಹಳ್ಳಿಯವನು. ಆ ಭಾಷಣವನ್ನು ಮೊದಲು ಓದಿದಾಗ ಮನಸ್ಸು ಅದನ್ನು ತಡೆಯಿತು. ನಮ್ಮ ಊರಿನ ಹಬ್ಬ, ಜಾತ್ರೆ, ಒಬ್ಬರ ಮನೆಯ ಸಾವಿಗೆ ಇಡೀ ಬೀದಿ ಒಲೆ ಹಚ್ಚದೆ ಕೂರುವ ಒಡನಾಟ, ಇವೆಲ್ಲ ಆ ಮಾತಿನಲ್ಲಿ ಎಲ್ಲಿ ಹೋದವು ಎನಿಸಿತು. ಮತ್ತೆ ಓದಿದಾಗ ಬೇರೊಂದು ಪ್ರಶ್ನೆ ಎದ್ದಿತು: ಆ ಸಾವಿನ ಸುದ್ದಿಯನ್ನು ಮುಂದಿನ ಊರಿಗೆ ಹೊತ್ತು ನಡೆದವನು ಯಾರು? ಅವನು ಒಲ್ಲೆ ಎನ್ನಬಹುದಿತ್ತೇ? ಪುಟ್ಟ ಗಣರಾಜ್ಯವೆಂದು ಹೊಗಳಿಸಿಕೊಂಡ ಊರಿನಲ್ಲಿ ಒಂದೇ ಒಂದು ಕುರ್ಚಿಯೂ ಹುಟ್ಟಿನಿಂದ ಬಿಡುಗಡೆಯಾಗಿರಲಿಲ್ಲ. ಒಡನಾಟ ನಿಜ. ಆ ಒಡನಾಟದೊಳಗೆ ಎಲ್ಲರ ಜಾಗವೂ ತೊಟ್ಟಿಲಲ್ಲೇ ಗೊತ್ತಾಗಿರುತ್ತಿತ್ತು ಎಂಬುದೂ ನಿಜ.

ಇದನ್ನು ಒಡೆಯಲು ನೋಡಿದ ಒಂದು ಊರು ನಮ್ಮ ಕಡೆಯೇ ಇದೆ. ಶಿಕಾರಿಪುರ ತಾಲ್ಲೂಕಿನ ಈಸೂರು. 1942ರಲ್ಲಿ ಆ ಊರು ಸರ್ಕಾರಕ್ಕೆ ಕಂದಾಯ ಕೊಡುವುದಿಲ್ಲವೆಂದು ನಿಂತಿತು, ತನ್ನದೇ ಸರ್ಕಾರವೆಂದು ಸಾರಿಕೊಂಡಿತು. ಒಬ್ಬ ಹುಡುಗನನ್ನು ಅಮಲ್ದಾರನನ್ನಾಗಿ, ಇನ್ನೊಬ್ಬ ಹುಡುಗನನ್ನು ಸಬ್ ಇನ್‌ಸ್ಪೆಕ್ಟರನ್ನಾಗಿ ಮಾಡಿತು. ಬಂದ ಅಧಿಕಾರಿಗಳೊಂದಿಗೆ ಸಂಘರ್ಷವಾಗಿ ಸಾವುಗಳಾದವು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಹುಡುಗರಿಗೆ ಹುದ್ದೆ ಕೊಟ್ಟದ್ದನ್ನು ಕೆಲವರು ಕಾನೂನಿನ ಕೈಗೆ ಸಿಗದಿರುವ ಉಪಾಯ ಎನ್ನುತ್ತಾರೆ. ಇರಬಹುದು. ನನಗೆ ಕಾಣುವುದು ಇಷ್ಟು: ಸ್ವತಂತ್ರವಾದ ಊರು ಮೊದಲು ಮಾಡಿಕೊಂಡದ್ದು ಅಮಲ್ದಾರನನ್ನು. ಆಳುವ ಹುದ್ದೆಯ ಹೊರತು ಬೇರೆ ಸ್ವಾತಂತ್ರ್ಯವನ್ನು ಕಲ್ಪಿಸಿಕೊಳ್ಳಲು ಸಮಯವಿರಲಿಲ್ಲ. ಆದರೆ ಆ ಹುದ್ದೆಯಲ್ಲಿ ಯಾವ ಅಧಿಕಾರಿಯ ಮಗನೂ ಅಲ್ಲದ ಒಬ್ಬ ಹುಡುಗನನ್ನು ಕೂರಿಸಿತು. ಕುರ್ಚಿ ಹಳೆಯದೇ, ಕೂತವನು ಮಾತ್ರ ಹೊಸಬ. ದೇಶ ಆಮೇಲೆ ಮಾಡಿದ್ದೂ ಬಹುಮಟ್ಟಿಗೆ ಇದನ್ನೇ.

ಹೋಬಳಿಗೆ ಗಣರಾಜ್ಯದ ಮೊದಲ ಕುರುಹು ಬಂದದ್ದು 1952ರ ಚುನಾವಣೆಯಲ್ಲಿ. 21 ತುಂಬಿದವರೆಲ್ಲ ಮತದಾರರು. ಕಂದಾಯ ಕಟ್ಟುವ ಲೆಕ್ಕವಿಲ್ಲ, ಓದಿನ ಲೆಕ್ಕವಿಲ್ಲ. ದೇಶದಲ್ಲಿ 17 ಕೋಟಿಗೂ ಹೆಚ್ಚು ಮತದಾರರು, ಅವರಲ್ಲಿ ಬಹುಪಾಲು ಅಕ್ಷರ ಬಾರದವರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನರು ಅದಕ್ಕೆ ಕಂಡುಕೊಂಡ ದಾರಿ ಚಿಹ್ನೆಗಳು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಮರೆಯಲ್ಲಿ ಹೋಗಿ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಬೇಕು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸಮಾಜವಾದಿಗಳಿಗೆ ಆಲದ ಮರ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು. ಅಜ್ಜಂಪುರದ ಅಮೃತಮಹಲ್ ದನಗಳನ್ನು, ಕಾವಲುಗಳನ್ನು ಕಂಡು ಬೆಳೆದ ಈ ಸೀಮೆಯವರಿಗೆ ಜೋಡೆತ್ತನ್ನು ಗುರುತಿಸಲು ಯಾರೂ ಹೇಳಿಕೊಡಬೇಕಿರಲಿಲ್ಲ. ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ 74 ಗೆದ್ದಿತು. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾದರು. ಸಾಗರ ಹೊಸನಗರದ ಕಡೆಯಿಂದ ಶಾಂತವೇರಿ ಗೋಪಾಲಗೌಡರು ಆಲದ ಮರದ ಗುರುತಿನಲ್ಲಿ ಗೆದ್ದು ಸದನಕ್ಕೆ ಬಂದರು; ಗೇಣಿದಾರರ ಪರವಾಗಿ ಕಾಗೋಡಿನಲ್ಲಿ ಎದ್ದಿದ್ದ ದನಿ ಹಾಗೆ ವಿಧಾನಸಭೆಯೊಳಗೆ ಕೇಳಿತು.

ಗೆದ್ದವರ ಲೆಕ್ಕಕ್ಕಿಂತ ಆ ಮರೆಯ ಜಾಗದ ಬಗ್ಗೆ ನನಗೆ ಹೆಚ್ಚು ಯೋಚನೆ. ಅದುವರೆಗೆ ಊರಿನಲ್ಲಿ ತೋಟಿಯೊಬ್ಬ ಮಾಡಿದ್ದೆಲ್ಲ ಎಲ್ಲರಿಗೂ ಕಾಣುವಂಥದ್ದು. ಎಲ್ಲಿ ನಿಲ್ಲಬೇಕು, ಯಾರಿಗೆ ಕೈಮುಗಿಯಬೇಕು, ಯಾವ ಬೀದಿಯಲ್ಲಿ ಕೆರ ಕಳಚಬೇಕು. ಅವನ ಬದುಕಿಗೆ ಗುಟ್ಟೇ ಇರಲಿಲ್ಲ. ಪಟೇಲರಿಗೆ, ಶ್ಯಾನುಭೋಗರಿಗೆ ಕಾಣದಂತೆ, ಅವರ ಮತದಷ್ಟೇ ಬೆಲೆಯುಳ್ಳ ಒಂದು ತೀರ್ಮಾನವನ್ನು ಅವನು ಮೊದಲ ಸಲ ಮಾಡಿದ್ದು ಆ ಮರೆಯಲ್ಲಿ. ಹೊರಗೆ ಬಂದ ಮೇಲೆ ಮತ್ತೆ ಅದೇ ಕೈಮುಗಿತ, ಅದೇ ಕೆರ. ಅಂಬೇಡ್ಕರರು ಹೇಳಿದ ವೈರುಧ್ಯಕ್ಕೆ ಆ ಪರದೆಯೇ ಗಡಿ: ಒಳಗೆ ಸಮಾನ, ಹೊರಗೆ ತೋಟಿ. ಆ ಮತ ಪಟೇಲರು ಹೇಳಿದ ಪೆಟ್ಟಿಗೆಗೇ ಬಿದ್ದಿರಬಹುದು. ಆದರೂ ಬೀಳದಿರುವ ಸಾಧ್ಯತೆಯೊಂದು ಊರಿನೊಳಗೆ ಕಾಲಿಟ್ಟಿತ್ತು. ಪಟೇಲರೂ ಆ ದಿನದಿಂದ ಆ ಸಾಧ್ಯತೆಯೊಂದಿಗೆ ಬದುಕಬೇಕಾಯಿತು.

ಹುದ್ದೆಗಳು ಹೋದದ್ದು ಇನ್ನೂ ಹತ್ತು ವರ್ಷದ ಮೇಲೆ. ಅದರ ಕಥೆ ಗುಂಟೂರು ಜಿಲ್ಲೆಯ ಒಂದು ಹಳ್ಳಿಯಿಂದ ಶುರುವಾಗುತ್ತದೆ. ಅಲ್ಲಿ ಗ್ರಾಮ ಮುನಸೀಫನ ಹುದ್ದೆಗೆ ಗಾಜುಲ ದಶರಥ ರಾಮರಾವ್ ಎಂಬವರು ಅರ್ಜಿ ಹಾಕಿದರು. ಹಳೆಯ ಅಧಿಕಾರಿಯ ಕುಟುಂಬದವನಿಗೇ ಕೊಡಬೇಕೆಂದು ಮದ್ರಾಸಿನ ಹಳೆಯ ಕಾಯ್ದೆ ಹೇಳುತ್ತಿತ್ತು. ಅವರು ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. 1960ರ ಡಿಸೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು: ಗ್ರಾಮದ ಹುದ್ದೆಯೂ ಸರ್ಕಾರದ ಹುದ್ದೆಯೇ, ವಂಶದ ಕಾರಣಕ್ಕೆ ಒಬ್ಬನಿಗೆ ಕೊಟ್ಟು ಇನ್ನೊಬ್ಬನಿಗೆ ನಿರಾಕರಿಸುವಂತಿಲ್ಲ. ಅದಕ್ಕೆ ಆಧಾರ ಸಂವಿಧಾನದ 16ನೆಯ ವಿಧಿ. ಸರ್ಕಾರಿ ಉದ್ಯೋಗದಲ್ಲಿ ಭೇದ ಮಾಡಬಾರದ ಕಾರಣಗಳ ಪಟ್ಟಿಯಲ್ಲಿ ಧರ್ಮ, ಜಾತಿ, ಲಿಂಗಗಳೊಂದಿಗೆ ವಂಶವೂ ಇದೆ. ಅಂದರೆ 1950ರಲ್ಲೇ ಪುಸ್ತಕದಲ್ಲಿದ್ದ ಮಾತು ಒಂದು ಹಳ್ಳಿಯ ಕುರ್ಚಿಯನ್ನು ಮುಟ್ಟಲು ಹತ್ತು ವರ್ಷ ಬೇಕಾಯಿತು, ಅದೂ ಒಬ್ಬ ಹಳ್ಳಿಗ ಹಟ ಹಿಡಿದು ಕೇಳಿದ್ದರಿಂದ.

ಮೈಸೂರು ರಾಜ್ಯ 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಮಾಡಿತು, 1963ರ ಫೆಬ್ರವರಿ 1ರಿಂದ ಅದು ಜಾರಿಗೆ ಬಂತು. ವಂಶಪಾರಂಪರ್ಯದ ಪಟೇಲಿಕೆ, ಶ್ಯಾನುಭೋಗಿಕೆ, ತಳವಾರಿಕೆ, ತೋಟಿಕೆ, ನೀರಗಂಟಿಕೆಗಳೆಲ್ಲ ಒಂದೇ ದಿನ ಹೋದವು. ಹಳೆಯ ಹುದ್ದೆದಾರರು ಸುಪ್ರೀಂ ಕೋರ್ಟಿನವರೆಗೂ ಹೋದರು. 1966ರಲ್ಲಿ ಕಾಯ್ದೆ ಊರ್ಜಿತವಾಯಿತು. ಶ್ಯಾನುಭೋಗರ ಜಾಗಕ್ಕೆ ಪರೀಕ್ಷೆ, ಅಂಕಗಳ ಮೇಲೆ ಆಯ್ಕೆಯಾಗುವ ಗ್ರಾಮ ಲೆಕ್ಕಿಗರು ಬಂದರು. ಇನಾಮಿನ ಜಮೀನು ಹುದ್ದೆಯಿಂದ ಬಿಡಿಸಿಕೊಂಡು ಹುದ್ದೆದಾರರಿಗೇ ಮರುಮಂಜೂರಾಗಬಹುದಿತ್ತು. ಚಾಕರಿ ಹೋಗಿ ಜಮೀನು ಉಳಿಯುವುದು ತೋಟಿ, ತಳವಾರ ಮನೆತನಗಳಿಗೆ ಎಷ್ಟು ದೊಡ್ಡ ಸಂಗತಿಯೆಂದು ಆ ಮನೆಗಳವರೇ ಹೇಳಬೇಕು. ಆ ಜಮೀನುಗಳು ಸಾಲಕ್ಕೆ, ಮೋಸಕ್ಕೆ ಕೈಬಿಟ್ಟು ಹೋದ ಕಥೆಗಳೂ ಊರೂರಲ್ಲಿವೆ. 1978ರಲ್ಲಿ ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆ ತಡೆಯುವ ಕಾಯ್ದೆ ಬರಬೇಕಾಯಿತೆಂದರೆ ಕಾರಣ ಅಂಥ ಕಥೆಗಳು.

ಪಂಚನಹಳ್ಳಿಗೆ ಗಣರಾಜ್ಯ ಬಂದ ತಾರೀಕು ಹೇಳು ಎಂದರೆ ನಾನು 1963ರ ಫೆಬ್ರವರಿ 1 ಎನ್ನುತ್ತೇನೆ. ಶಾಲೆಯಲ್ಲಿ ಬಾವುಟ ಹಾರಿಸುವ ದಿನ ಅದಲ್ಲ, ಕ್ಯಾಲೆಂಡರಿನಲ್ಲಿ ಅದಕ್ಕೆ ಕೆಂಪು ಬಣ್ಣವಿಲ್ಲ. ಆದರೆ ಅಂದು ಬೆಳಗ್ಗೆ ತೋಟಿಯ ಮನೆಯಲ್ಲಿ ಹುಟ್ಟಿದ ಕೂಸು ತೋಟಿಯಾಗಿ ಹುಟ್ಟಲಿಲ್ಲ.

ಹೋದದ್ದರ ಜೊತೆಗೆ ಕಳೆದುಕೊಂಡದ್ದನ್ನೂ ಹೇಳದಿದ್ದರೆ ಪ್ರಾಮಾಣಿಕವಾಗುವುದಿಲ್ಲ. ಕಡೂರು ಬಯಲು ಮಳೆ ಕಡಿಮೆಯಾದ ಸೀಮೆ. ಸಖರಾಯಪಟ್ಟಣದ ಅಯ್ಯನಕೆರೆಯಂಥ ದೊಡ್ಡ ಕೆರೆಗಳಿಂದ ಹಿಡಿದು ಊರಿಗೊಂದು ಕಟ್ಟೆಯವರೆಗೆ ಬದುಕು ನೀರಿನ ಹಂಚಿಕೆಯ ಮೇಲೆ ನಿಂತಿತ್ತು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಬರದ ವರ್ಷ ಯಾರ ಬೆಳೆ ಮೊದಲು, ಎಂಬುದು ನೀರಗಂಟಿಯ ತಲೆಯಲ್ಲಿತ್ತು. ಹುದ್ದೆ ಹೋದ ಮೇಲೆ ತೂಬು ಯಾರ ಕೈಯದೂ ಅಲ್ಲವಾಯಿತು. ಕೆರೆ ಇಲಾಖೆಯದ್ದಾಯಿತು, ಹೂಳು ಊರಿನದ್ದಾಯಿತು. ಆಮೇಲೆ ಗ್ರಾಮ ಸಹಾಯಕರು ಬಂದರು, ಕೆರೆ ಬಳಕೆದಾರರ ಸಂಘಗಳು ಬಂದವು. ಹಳೆಯ ಹಿಡಿತ ಬರಲಿಲ್ಲ. ಹುಟ್ಟಿನ ಹುದ್ದೆಯನ್ನು ತೆಗೆಯುವುದು ಕಾನೂನಿಗೆ ಸಾಧ್ಯ. ಆ ಹುದ್ದೆಯಲ್ಲಿ ಅಡಗಿದ್ದ ಅರಿವನ್ನು, ಹೊಣೆಯನ್ನು ಬೇರೆಡೆಗೆ ದಾಟಿಸುವುದು ಕಾನೂನಿನ ಕೆಲಸವಲ್ಲ, ನಮ್ಮ ಕೆಲಸವಾಗಿತ್ತು. ಅದನ್ನು ನಾವು ಮಾಡಲಿಲ್ಲ. ನೀರಗಂಟಿಯನ್ನು ಬಿಡುಗಡೆ ಮಾಡಿದೆವು, ನೀರಿನ ಹೊಣೆಯನ್ನು ಎಲ್ಲರೂ ಹಂಚಿಕೊಳ್ಳಲಿಲ್ಲ. ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಹಿಡಿದ ಸಂವಿಧಾನಕ್ಕೆ ಗಾಂಧಿ ಮಾರ್ಗದವರು ಎತ್ತಿದ ಆಕ್ಷೇಪದಲ್ಲಿ ಸತ್ಯವಿರುವುದು ಇಲ್ಲಿ. ಆದರೆ ಅದಕ್ಕೆ ಉತ್ತರ ನೀರಗಂಟಿಯ ಮಗನನ್ನು ಮತ್ತೆ ತೂಬಿಗೆ ಕಟ್ಟುವುದಲ್ಲ.

ಹುಟ್ಟಿನ ನಂತರ ಖಾಲಿಯಾದ ಕುರ್ಚಿಗೆ ಯಾರು? ಉತ್ತರ ಬರಲು ಮತ್ತಷ್ಟು ವರ್ಷ ಹಿಡಿಯಿತು. ಪಂಚಾಯಿತಿಗಳು 1952ರ, 1959ರ ಕಾಯ್ದೆಗಳಲ್ಲಿ ಬಂದವು. ಅವುಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವಂಥದ್ದಿಲ್ಲ, ಊರಿನ ದೊಡ್ಡ ಮನೆಗಳೇ ಅಲ್ಲೂ ಕೂತವು. ಅಬ್ದುಲ್ ನಜೀರ್ ಸಾಬರು ರೂಪಿಸಿದ 1983ರ ಕಾಯ್ದೆ, ಅದರಡಿ 1987ರಲ್ಲಿ ನಡೆದ ಮಂಡಲ ಪಂಚಾಯಿತಿ ಚುನಾವಣೆ ಮೊದಲ ಸಲ ಕುರ್ಚಿಯನ್ನು ನಿಜವಾಗಿ ಅಲುಗಾಡಿಸಿದವು. ಹೆಂಗಸರಿಗೆ ಶೇಕಡಾ 25 ಸ್ಥಾನ, ಪರಿಶಿಷ್ಟರಿಗೆ ಮೀಸಲು. 1993ರ ಪಂಚಾಯತ್ ರಾಜ್ ಕಾಯ್ದೆಯ ಮೇಲೆ ಅಧ್ಯಕ್ಷ ಸ್ಥಾನವೂ ಸರದಿಯ ಮೇಲೆ ಬರತೊಡಗಿತು: ಈ ಸಲ ಸಾಮಾನ್ಯ, ಮುಂದಿನ ಸಲ ಪರಿಶಿಷ್ಟ ಜಾತಿಯ ಮಹಿಳೆ. ಸರದಿಯನ್ನು ಬೈಯುವವರು ಬಹಳ. ಕೆಲಸ ಕಲಿಯುವಷ್ಟರಲ್ಲಿ ಅವಧಿ ಮುಗಿಯುತ್ತದೆ ಎಂಬ ಅವರ ಮಾತಿನಲ್ಲಿ ಹುರುಳಿದೆ. ಆದರೂ ನನಗೆ ಸರದಿ ಮೆಚ್ಚುಗೆಯಾಗುತ್ತದೆ. ವಂಶ ಒಂದೇ ಮನೆಯಲ್ಲಿ ಕುರ್ಚಿಯನ್ನು ನಿಲ್ಲಿಸುತ್ತದೆ, ಸರದಿ ಅದನ್ನು ಯಾವ ಮನೆಯಲ್ಲೂ ನಿಲ್ಲಗೊಡುವುದಿಲ್ಲ.

ನಿಲ್ಲಗೊಡದ ಕುರ್ಚಿಯನ್ನು ಹಳೆಯ ಮನೆಗಳು ಬೇರೆ ದಾರಿಯಲ್ಲಿ ಹಿಡಿದುಕೊಳ್ಳುತ್ತವೆ. ಅಧ್ಯಕ್ಷೆಯ ಸಹಿ ಒಂದು ಕಡೆ, ಅವಳ ಗಂಡನ ಮಾತು ಇನ್ನೊಂದು ಕಡೆ. ಸಭೆಯಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಅವನು. ಇದು ಎಲ್ಲ ತಾಲ್ಲೂಕುಗಳಲ್ಲೂ ಕಾಣುವ ನೋಟ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯ ಹೊತ್ತಿನಲ್ಲಿ ರಾಜ್ಯದ ಹಲವು ಊರುಗಳಲ್ಲಿ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಬಂತು. ಹೆಚ್ಚು ಹಣ ಕೂಗಿದವನಿಗೆ ಸ್ಥಾನ, ಹಣ ದೇವಸ್ಥಾನದ ಕೆಲಸಕ್ಕೆ, ಉಳಿದವರು ನಾಮಪತ್ರ ಹಾಕುವಂತಿಲ್ಲ. ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಊರು ಒಂದಾಗಿರಲಿ ಎಂದು ಹೀಗೆ ಮಾಡಿದೆವು, ಚುನಾವಣೆಯಿಂದ ಜಗಳ ಏಕೆ, ಗುಡಿಗೆ ಗೋಪುರವಾದರೂ ಆಗುತ್ತದಲ್ಲ ಎಂದು ಅವರು ಹೇಳುವಾಗ ಅದರಲ್ಲಿ ಪಾಪಬುದ್ಧಿ ಇರುವುದಿಲ್ಲ. ಮನಸ್ಸಿನಲ್ಲಿರುವುದು ಊರೇ.

ಅಂಬೇಡ್ಕರರು 1948ರಲ್ಲಿ ಹೆದರಿದ್ದು ಇದಕ್ಕೇ. ಊರು ಒಂದಾಗಿ ತೀರ್ಮಾನಿಸಿದರೆ, ಒಲ್ಲೆ ಎನ್ನುವ ಒಬ್ಬಳಿಗೆ ಜಾಗವೆಲ್ಲಿ? 1952ರಲ್ಲಿ ತೋಟಿಯ ಪಾಲಿಗೆ ಬಂದ ಮರೆಯ ಜಾಗವನ್ನು ಹರಾಜು ಎತ್ತಿ ಹಾಕುತ್ತದೆ. ಎಲ್ಲರ ಕಣ್ಣ ಮುಂದೆ, ದೇವಸ್ಥಾನದ ಅಂಗಳದಲ್ಲಿ, ದೇವರ ಹೆಸರಿನಲ್ಲಿ, ಊರಿನ ಒಗ್ಗಟ್ಟಿನ ಹೆಸರಿನಲ್ಲಿ ತೀರ್ಮಾನವಾಗುತ್ತದೆ. ಅಲ್ಲಿ ಬಾಯಿ ತೆರೆಯಲಾರದವನಿಗೆ ಮತಗಟ್ಟೆಯಲ್ಲಿ ಒಂದು ಕೈ ಇರುತ್ತಿತ್ತು. ಅವಿರೋಧ ಆಯ್ಕೆ ಎಂದಾಗ ಆ ಕೈಗೂ ಕೆಲಸವಿಲ್ಲ. ಅವಿರೋಧ ಆಯ್ಕೆಯನ್ನು ಊರಿನ ಹೆಮ್ಮೆಯೆಂದು ಪತ್ರಿಕೆಗಳಲ್ಲಿ ಬರೆಯುವವರನ್ನು ನಾನು ಒಪ್ಪಲಾರೆ. ಜಗಳವಿಲ್ಲದ ಊರು ಇರಬಹುದು. ಯಾರೂ ಬೇರೆ ಯೋಚಿಸದ ಊರು ಇಲ್ಲ.

ಹಾಗೆ ಬೇರೆ ಯೋಚಿಸಿದವರಿಗೆ ಕಾನೂನು ಬಾಗಿಲನ್ನು ತೆರೆದೇ ಇಟ್ಟಿದೆ. ಗ್ರಾಮ ಪಂಚಾಯಿತಿಯ ನಾಮಪತ್ರಕ್ಕೆ ಊರಿನ ಒಪ್ಪಿಗೆ ಬೇಡ, ಯಜಮಾನರ ಒಪ್ಪಿಗೆ ಬೇಡ, ಗಂಡನ ಒಪ್ಪಿಗೆ ಬೇಡ. ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ಠೇವಣಿ ಕಟ್ಟಬೇಕು, ಸೂಚಕರೊಬ್ಬರ ಸಹಿ ಬೇಕು. ಊರಿಡೀ ತೀರ್ಮಾನಿಸಿ ಆಗಿದ್ದರೂ, ಕೊನೆಯ ದಿನದ ಹೊತ್ತು ಮೀರುವ ಮೊದಲು ಹೆಂಗಸೊಬ್ಬಳು ಆ ಹಾಳೆಯನ್ನು ಚುನಾವಣಾಧಿಕಾರಿಯ ಮೇಜಿನ ಮೇಲಿಟ್ಟರೆ ಆತ ತೆಗೆದುಕೊಳ್ಳಲೇಬೇಕು, ರಸೀದಿ ಕೊಡಲೇಬೇಕು. ನಾಮಪತ್ರ ಕ್ರಮಬದ್ಧವಾಗಿದ್ದು ಅವಳು ಅದನ್ನು ಹಿಂತೆಗೆದುಕೊಳ್ಳದಿದ್ದರೆ ಆ ಸ್ಥಾನಕ್ಕೆ ಮತದಾನ ನಡೆಯಲೇಬೇಕು.